5 ಎಚ್‌ಪಿ (ಹಾರ್ಸ್‌ಪವರ್) ಮೋಟಾರು ಎಷ್ಟು ಕಿಲೋವ್ಯಾಟ್? ಮೀಟರು ಅದಕ್ಕಿಂತ ಜಾಸ್ತಿ ಯಾಕೆ ಓಡುತ್ತೆ?

3.73 ಕಿಲೋವ್ಯಾಟ್. 1 ಎಚ್‌ಪಿ ಅಂದರೆ 746 ವ್ಯಾಟ್, ಹಾಗಾಗಿ ಎಚ್‌ಪಿಯನ್ನು 0.746ರಿಂದ ಗುಣಿಸಿದರೆ ಆಯ್ತು. ಮಂಡ್ಯದ ಕಡೆ ಕಬ್ಬಿನ ಗದ್ದೆಗೆ ನೀರೆತ್ತುವ ಪಂಪ್‌ಸೆಟ್ಟಿನ ತಗಡಿನ ಮೇಲೆ ‘5 ಎಚ್‌ಪಿ, 3.7 ಕಿಲೋವ್ಯಾಟ್’ ಅಂತ ಒತ್ತಿರುವುದು ಇದನ್ನೇ.

ಆದರೆ ಅದು ಮೋಟಾರಿನ ಶಾಫ್ಟು (ತಿರುಗುವ ದಂಡ) ಹೊರಗೆ ಕೊಡುವ ಶಕ್ತಿ, ಲೈನಿನಿಂದ ಎಳೆಯುವುದಲ್ಲ. ಎಳೆದದ್ದರಲ್ಲಿ ಒಂದು ಪಾಲು ವೈಂಡಿಂಗಿನ (ಒಳಗಿನ ತಂತಿ ಸುತ್ತಿನ) ಕಾವಾಗಿ, ಬೇರಿಂಗಿನ ತಿಕ್ಕಾಟವಾಗಿ ಹೋಗಿಬಿಡುತ್ತೆ. ಎರಡು ಗಂಟೆ ಓಡಿದ ಮೋಟಾರಿನ ಮೈ ಮುಟ್ಟಿದರೆ ಕೈಗೆ ತಾಗುವ ಬಿಸಿ ಅದೇ. ದಕ್ಷತೆ 85% ಇದ್ದರೆ, 3.73ನ್ನು 0.85ರಿಂದ ಭಾಗಿಸಿ: ಸುಮಾರು 4.4 ಕಿಲೋವ್ಯಾಟ್. ಪೂರ್ತಿ ಲೋಡಿನಲ್ಲಿ ಗಂಟೆಗೆ 4.4 ಯೂನಿಟ್. ಕಳಪೆಯಾಗಿ ರೀವೈಂಡಿಂಗ್ ಮಾಡಿಸಿದ ಮೋಟಾರು ಇನ್ನೂ ಹೆಚ್ಚು ಎಳೆಯುತ್ತೆ, ದಯವಿಟ್ಟು ಅಲ್ಲಿ ಕಾಸು ಉಳಿಸಲು ಹೋಗಬೇಡಿ.