ಹಳ್ಳದ ನೀರಿನಿಂದ ಹಾಲು ತಂಪಾಗಿಸಬಹುದೇ?

ಪ್ರಶ್ನೆ: ನಮ್ಮ ತೋಟದ ಮೇಲಿನ ಹಳ್ಳದಿಂದ 20 ಮೀಟರ್ ಎತ್ತರದ ಇಳಿಜಾರಿನಲ್ಲಿ ಪೈಪು ಹಾಕಿದ್ದೇವೆ. ಮಳೆಗಾಲದಲ್ಲಿ ಸೆಕೆಂಡಿಗೆ 10 ಲೀಟರ್, ಬೇಸಿಗೆಯಲ್ಲಿ ಒಂದೂವರೆ ಲೀಟರ್ ನೀರು ಸಿಗುತ್ತದೆ. ಕರೆಂಟ್ ಪದೇ ಪದೇ ಹೋಗುವುದರಿಂದ, ಸಂಜೆ ಕರೆದ 50 ಲೀಟರ್ ಹಾಲು ಬೆಳಗ್ಗೆ ಡೇರಿಯ ಗಾಡಿ ಬರುವಷ್ಟರಲ್ಲಿ ಕೆಡುತ್ತದೆ. ಡೈನಮೋ ಇಲ್ಲದೆ, ಟರ್ಬೈನಿಗೆ ಬೆಲ್ಟ್ ಹಾಕಿ ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ನೇರವಾಗಿ ತಿರುಗಿಸಬಹುದೇ?
– ಓದುಗರೊಬ್ಬರು, ಹೊಸನಗರ ತಾಲ್ಲೂಕು

ಉತ್ತರ: ನೇರವಾಗಿ ತಿರುಗಿಸಬಹುದು, ಆದರೆ ಫ್ರಿಜ್ಜಿನ ಕಂಪ್ರೆಸರನ್ನಲ್ಲ. ಫ್ರಿಜ್ಜಿನ ಹಿಂಬದಿಯ ಆ ಕಪ್ಪು ಡಬ್ಬಿಯಲ್ಲಿ ಮೋಟರನ್ನೂ ಪಂಪನ್ನೂ ಒಟ್ಟಿಗೆ ಇಟ್ಟು ಬೆಸುಗೆ ಹಾಕಿರುವುದರಿಂದ, ಬೆಲ್ಟ್ ಹಾಕಲು ಹೊರಗೆ ಶಾಫ್ಟೇ ಇರುವುದಿಲ್ಲ. ನಿಮಗೆ ಬೇಕಾದದ್ದು ಪುಲ್ಲಿ ಹೊರಗಿರುವ ಸಣ್ಣ ‘ಓಪನ್’ ಮಾದರಿಯ ಕಂಪ್ರೆಸರ್. ಅದರ ಶಾಫ್ಟಿನ ಸೀಲು ಕಾಲಕ್ರಮೇಣ ಸವೆದು ಅನಿಲ ಸೋರುವುದುಂಟು. ಅಮೋನಿಯಾ ವಿಷಾನಿಲವಾದ್ದರಿಂದ, ಹಳೆಯ ಐಸ್ ಫ್ಯಾಕ್ಟರಿಯ ಅಮೋನಿಯಾ ಯಂತ್ರ ಅಗ್ಗಕ್ಕೆ ಸಿಕ್ಕಿತೆಂದು ಮನೆಯ ಪಕ್ಕಕ್ಕೆ ತರಬೇಡಿ.

ಶಕ್ತಿಯ ಲೆಕ್ಕ ನೀವು ಅಂದುಕೊಂಡದ್ದಕ್ಕಿಂತ ಹಗುರವಾಗಿದೆ. 50 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 20 ಕಿಲೋ ಮಂಜುಗಡ್ಡೆ ಕರಗಿದರೆ ಸಾಕು. ಹೊರಗಿನ ಶಾಖ ಒಳನುಗ್ಗುವುದನ್ನೂ ಸೇರಿಸಿ 25 ಕಿಲೋ ಎಂದಿಟ್ಟುಕೊಳ್ಳೋಣ. ಅಷ್ಟನ್ನು ಒಂದೇ ಗಂಟೆಯಲ್ಲಿ ಮಾಡುವುದಾದರೆ ದೊಡ್ಡ ಯಂತ್ರ ಬೇಕು. ಹಳ್ಳ ಹಗಲಿರುಳು ಹರಿಯುವುದರಿಂದ 24 ಗಂಟೆಗಳಲ್ಲಿ ನಿಧಾನವಾಗಿ ಕಟ್ಟಿಸಿದರೆ, ಶಾಫ್ಟಿನಲ್ಲಿ 70 ವ್ಯಾಟಿನ ಆಸುಪಾಸು ಸಾಕಾಗುತ್ತದೆ. ನಿಮ್ಮ ಬೇಸಿಗೆಯ ಒಂದೂವರೆ ಲೀಟರ್ ನೀರಿನಲ್ಲಿ ಸುಮಾರು 290 ವ್ಯಾಟ್ ಇದೆ. ಪೈಪಿನಲ್ಲಿ, ಚಕ್ರದಲ್ಲಿ, ಬೆಲ್ಟಿನಲ್ಲಿ ಅರ್ಧ ಕಳೆದುಹೋದರೂ 145 ವ್ಯಾಟ್ ಉಳಿಯುತ್ತದೆ. ಹೀಗಾಗಿ ಮಳೆಗಾಲದ 10 ಲೀಟರನ್ನು ಮರೆತು, ಬೇಸಿಗೆಯ ನೀರಿಗೆ ತಕ್ಕ ಚಕ್ರವನ್ನೇ ಮಾಡಿಸಿ. ತಂಪು ಹೆಚ್ಚು ಬೇಕಾಗುವುದೂ ಆಗಲೇ ಅಲ್ಲವೇ?

ನಿಜವಾದ ತೊಡಕಿರುವುದು ತಿರುಗಿಸುವುದರಲ್ಲಲ್ಲ, ನಿಲ್ಲಿಸುವುದರಲ್ಲಿ. ಮಂಜುಗಡ್ಡೆ ಸಾಕಷ್ಟು ಕಟ್ಟಿದ ಮೇಲೆ ಕಂಪ್ರೆಸರನ್ನು ಕಳಚಿದರೆ, ಹೊರೆ ತಪ್ಪಿದ ಪೆಲ್ಟನ್ ಚಕ್ರ (ನೀರಿನ ಧಾರೆ ಬಟ್ಟಲುಗಳಿಗೆ ಬಡಿದು ತಿರುಗುವ ಟರ್ಬೈನ್) ಹೆಚ್ಚುಕಡಿಮೆ ಎರಡು ಪಟ್ಟು ವೇಗಕ್ಕೆ ಏರುತ್ತದೆ. ಹೆದರಿ ವಾಲ್ವನ್ನು ಥಟ್ಟನೆ ಮುಚ್ಚಿದಿರೋ, ಹರಿಯುತ್ತಿದ್ದ ನೀರು ಒಮ್ಮೆಲೇ ನಿಂತು ಪೈಪನ್ನೇ ಒಡೆಯಬಲ್ಲದು. ಇದಕ್ಕೆ ಸುಲಭದ ಉಪಾಯವೆಂದರೆ ನಾಜಲ್ಲಿನ ಬಾಯಿಗೂ ಚಕ್ರಕ್ಕೂ ನಡುವೆ ಅಡ್ಡ ಬರುವಂತೆ ಒಂದು ಕೀಲಿನ ತಗಡನ್ನು ಕೂರಿಸುವುದು. ತಗಡು ಬಿದ್ದೊಡನೆ ನೀರಿನ ಧಾರೆ ಪಕ್ಕಕ್ಕೆ ಹೊರಳುತ್ತದೆ, ಪೈಪಿನ ಹರಿವು ಮಾತ್ರ ನಿಲ್ಲುವುದಿಲ್ಲ. ಚಕ್ರ ದಾಟಿ ಬಿದ್ದ ನೀರನ್ನು ಕಂಡೆನ್ಸರಿನ (ಯಂತ್ರದ ಬಿಸಿಯನ್ನು ಹೊರಹಾಕುವ ಭಾಗದ) ಕೊಳವೆಯ ಮೇಲೆ ಹರಿಸಿದರೆ ಫ್ಯಾನೂ ಬೇಕಾಗುವುದಿಲ್ಲ.

ಅಷ್ಟು ಸಣ್ಣ ಓಪನ್ ಕಂಪ್ರೆಸರನ್ನು ಹುಡುಕುವುದು ಮತ್ತು ರಿಪೇರಿಗೆ ಜನ ಸಿಗುವುದು ಕಷ್ಟವೆಂಬುದನ್ನು ಮುಚ್ಚಿಡಲಾರೆ. ಸಿಗದಿದ್ದರೆ ಡೈನಮೋದ ದಾರಿಯೇ ಮೇಲು. ಆಗ ಸಾಮಾನ್ಯ ಫ್ರಿಜ್ಜಿನ ಮೋಟರು ಹೊರಡುವ ಕ್ಷಣದಲ್ಲಿ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ, ನಿಧಾನವಾಗಿ ಶುರುವಾಗುವ ಇನ್ವರ್ಟರ್ ಕಂಪ್ರೆಸರಿನ ಫ್ರೀಜರನ್ನೇ ಆರಿಸಿಕೊಳ್ಳಿ.

ಆ ಒಂದೂವರೆ ಲೀಟರ್ ಅಳೆದದ್ದೋ ಅಂದಾಜಿನದೋ ನೀವು ಬರೆದಿಲ್ಲ. ಏಪ್ರಿಲ್ ಕೊನೆಯಲ್ಲಿ 15 ಲೀಟರಿನ ಬಕೆಟ್ಟನ್ನು ಪೈಪಿನ ಕೆಳತುದಿಗೆ ಹಿಡಿದು ನೋಡಿ. 10 ಸೆಕೆಂಡಿನಲ್ಲಿ ತುಂಬಿದರೆ ಕೆಲಸ ಶುರು ಮಾಡಬಹುದು, 20 ಸೆಕೆಂಡು ಹಿಡಿದರೆ ಬೇಡ.