ಹಾಸನದ 15 ವರ್ಷದ ಗೋಲ್‌ಕೀಪರ್‌ನನ್ನು ಈಗಲೇ ಯುರೋಪಿನ ಕ್ಲಬ್‌ಗೆ ಸೇರಿಸಬಹುದೇ?

ಆಗುವುದಿಲ್ಲ. ಫಿಫಾ ನಿಯಮದಂತೆ 18 ತುಂಬದ ಆಟಗಾರ ದೇಶ ಬಿಟ್ಟು ಬೇರೆ ದೇಶದ ಕ್ಲಬ್‌ಗೆ ನೋಂದಣಿಯಾಗುವಂತಿಲ್ಲ. ವಿನಾಯಿತಿಗಳು ಕೆಲವೇ, ಮುಖ್ಯವಾದದ್ದು, ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಅಲ್ಲಿಗೆ ಹೋಗಿ ನೆಲೆಸಿದ್ದರೆ. ಆದ್ದರಿಂದ "ಲಕ್ಷ ಕೊಡಿ, ಸೇರಿಸುತ್ತೇನೆ" ಎನ್ನುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ. ಏಜೆಂಟ್‌ಗೆ ಫಿಫಾ ಪರವಾನಗಿ ಇದೆಯೇ ಎಂದು ಮೊದಲು ನೋಡಿ.

ಗುರ್‌ಪ್ರೀತ್ ಸಿಂಗ್ ಸಂಧು ಹೋದ ದಾರಿ ನೋಡಿ, ಅವರೂ ಗೋಲ್‌ಕೀಪರೇ. ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನಲ್ಲಿ ಆಡಿ, 2014ರಲ್ಲಿ 22ನೇ ವಯಸ್ಸಿಗೆ ನಾರ್ವೆಯ ಸ್ಟಾಬೆಕ್ ಕ್ಲಬ್ ಸೇರಿದರು. ಅಲ್ಲಿನ ಲೀಗ್‌ನಲ್ಲಿ ಮೊದಲ ಪಂದ್ಯ ಸಿಕ್ಕಿದ್ದು 2016ರಲ್ಲಿ! ಅದೇ ವರ್ಷ ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಯುರೋಪಾ ಲೀಗ್‌ನ ಅರ್ಹತಾ ಪಂದ್ಯವನ್ನೂ ಆಡಿದರು. 2017ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದರು. ಗೋಲ್‌ಕೀಪರ್ ಸ್ಥಾನ ಒಂದೇ ಇರುವುದರಿಂದ ಕಾಯುವುದು ಅನಿವಾರ್ಯ. ಆ ಎರಡು ವರ್ಷದ ತಾಳ್ಮೆಯೇ ನನ್ನ ಕಣ್ಣಿಗೆ ದೊಡ್ಡದು.

ಕ್ಲಬ್ ಒಪ್ಪಿದರೂ ಕೆಲಸದ ಪರವಾನಗಿ ತಪ್ಪಬಹುದು. 2009ರಲ್ಲಿ ಸುನಿಲ್ ಛೆಟ್ರಿಗೆ ಇಂಗ್ಲೆಂಡಿನ ಕ್ಯೂಪಿಆರ್ ಕ್ಲಬ್ ಕೈತಪ್ಪಿದ್ದು ಹೀಗೆಯೇ: ಅಲ್ಲಿನ ಪರವಾನಗಿಗೆ ಆಗ ಬೇಕಿದ್ದಂತೆ ಭಾರತ ಫಿಫಾ ಶ್ರೇಯಾಂಕದಲ್ಲಿ ಮೊದಲ 70ರೊಳಗೆ ಇರಲಿಲ್ಲ.

ಈಗ ಮಾಡಬೇಕಾದ್ದು: ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆಗಳಲ್ಲಿ ಹುಟ್ಟಿದ ದಿನಾಂಕ ಒಂದೇ ಇರಲಿ. ಎಐಎಫ್‌ಎಫ್‌ನಲ್ಲಿ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಕ್ಲಬ್ ಮೂಲಕ ನೋಂದಣಿ ಮಾಡಿಸಿ, ಹಾಸನದಲ್ಲಿ ನಿಲ್ಲದೆ ಬೆಂಗಳೂರಿನ ವಯೋಮಿತಿ ಲೀಗ್‌ಗಳಲ್ಲಿ ಆಡಿಸಿ. ಈ ನೋಂದಣಿ ಕ್ಲಬ್‌ಗೂ ಮುಖ್ಯ. ಮುಂದೆ ವಿದೇಶಿ ವರ್ಗಾವಣೆಗೆ ಶುಲ್ಕ ಬಂದರೆ ಅದರ 5% ವರೆಗೆ, 12ರಿಂದ 23ನೇ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. ದಾಖಲೆ ಇಲ್ಲದ ಕ್ಲಬ್‌ಗೆ ಆ ಪಾಲು ಕೇಳುವುದೇ ಕಷ್ಟ.