ಮೂರು ಖಾನೆಗಳಿಂದ ಹೊರಬನ್ನಿ: ಒಬ್ಬ ಬರಹಗಾರರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ಆರಂಭಿಕ ವಸಾಹತುಗಳ ಹವಾಮಾನ ಮತ್ತು ಬೇಸಾಯವನ್ನು ಕುರಿತ ನಿಮ್ಮ ಲೇಖನವನ್ನು ಈಗಿನ ರೂಪದಲ್ಲಿ ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಆದರೆ ಉತ್ತರಕ್ಕೆ ಚಳಿ ಮತ್ತು ಕಲ್ಲುನೆಲ, ನಡುವೆ ಗೋಧಿ, ದಕ್ಷಿಣಕ್ಕೆ ತಂಬಾಕು ಮತ್ತು ಭತ್ತ ಎಂದು ಮೂರು ಖಾನೆಗಳಿಗೆ ಎಲ್ಲವನ್ನೂ ಹಂಚಿ ಮುಗಿಸಿರುವುದರಿಂದ ಅದು ಪರೀಕ್ಷೆಯ ಟಿಪ್ಪಣಿಯಂತಾಗಿದೆ.

ಬಂದವರಿಗೆ ಆ ಹವಾಮಾನ ಗೊತ್ತೇ ಇರಲಿಲ್ಲ ಎಂಬುದನ್ನು ನೀವು ಎಲ್ಲಿಯೂ ಹೇಳಿಲ್ಲ. ಒಂದೇ ಅಕ್ಷಾಂಶದ ನಾಡುಗಳಲ್ಲಿ ಒಂದೇ ಬಗೆಯ ಹವೆ ಇರುತ್ತದೆಂದು ಅಂದಿನ ಯುರೋಪಿಯನ್ನರು ನಂಬಿದ್ದರು. ಆ ಲೆಕ್ಕದಲ್ಲಿ 37 ಡಿಗ್ರಿಯ ವರ್ಜೀನಿಯಾ ದಕ್ಷಿಣ ಸ್ಪೇನಿನಂತಿರಬೇಕಿತ್ತು, ಆದ್ದರಿಂದಲೇ ಅಲ್ಲಿ ರೇಷ್ಮೆ ಮತ್ತು ದ್ರಾಕ್ಷಾರಸದ ಕನಸು ಹುಟ್ಟಿತು. 1607ರಲ್ಲಿ ಇಂಗ್ಲಿಷರು ಎರಡು ನೆಲೆಗಳನ್ನು ಹೂಡಿದರು. ಇಂದಿನ ಮೇನ್ ರಾಜ್ಯದ ಕೆನೆಬೆಕ್ ನದಿ ಕಡಲು ಸೇರುವೆಡೆಯಲ್ಲಿದ್ದ ನೆಲೆ ಕಠೋರ ಚಳಿಗಾಲವನ್ನು ಕಂಡು, ಮುಖ್ಯಸ್ಥನನ್ನೂ ಕಳೆದುಕೊಂಡು, ಮರುವರ್ಷವೇ ಬರಿದಾಯಿತು. ಇನ್ನೊಂದು ವರ್ಜೀನಿಯಾದ ಜೇಮ್ಸ್‌ಟೌನ್. ಅಲ್ಲಿ 1609–10ರ ಚಳಿಗಾಲದಲ್ಲಿ ಹಸಿವಿನಿಂದ ಜನ ಸತ್ತು ಸುಮಾರು 60 ಮಂದಿ ಉಳಿದದ್ದಕ್ಕೆ ನೀವು ವಲಸಿಗರ ಸೋಮಾರಿತನವನ್ನು ಹೊಣೆ ಮಾಡುತ್ತೀರಿ. ಆದರೆ ಆ ಪ್ರದೇಶದ ಹಳೆಯ ಸೈಪ್ರೆಸ್ ಮರಗಳ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು 1606ರಿಂದ 1612ರವರೆಗಿನದು 770 ವರ್ಷಗಳಲ್ಲೇ ಅತಿ ಒಣಗಿದ ಏಳು ವರ್ಷಗಳ ಅವಧಿಯೆಂದು 1998ರಲ್ಲಿ ತೋರಿಸಿದ್ದಾರೆ. ವಲಸಿಗರು ಯಾರ ಮೆಕ್ಕೆಜೋಳವನ್ನು ನಂಬಿದ್ದರೋ ಅಲ್ಲಿನ ಮೂಲನಿವಾಸಿಗಳಾದ ಆ ಪೊಹಾಟನ್ ಜನರ ಹೊಲಗಳೂ ಒಣಗುವ ಕಾಲವದು. ಕೊಡಲು ಹೆಚ್ಚುವರಿ ಧಾನ್ಯವಿಲ್ಲದಿದ್ದಾಗ ಬೇಡಿಕೆ ಸುಲಿಗೆಯಾಯಿತು, ಸುಲಿಗೆ ಯುದ್ಧವಾಯಿತು. ಲೇಖನದ ಜೀವ ಇಲ್ಲಿದೆ, ಇದಕ್ಕೆ ನೀವು ಒಂದು ವಾಕ್ಯವನ್ನೂ ಕೊಟ್ಟಿಲ್ಲ.

"ದಕ್ಷಿಣದ ಬಿಸಿಲು ಗುಲಾಮಗಿರಿಯನ್ನು ಅನಿವಾರ್ಯಗೊಳಿಸಿತು" ಎಂಬ ನಿಮ್ಮ ವಾಕ್ಯವನ್ನು ನಾನು ಒಪ್ಪುವುದಿಲ್ಲ. ವರ್ಜೀನಿಯಾದ ತಂಬಾಕನ್ನು ಮೊದಲ ಹಲವು ದಶಕಗಳ ಕಾಲ ಅದೇ ಬಿಸಿಲಿನಲ್ಲಿ ಬೆಳೆದವರಲ್ಲಿ ಹೆಚ್ಚಿನವರು ಕರಾರಿಗೆ ಬಂದ ಇಂಗ್ಲಿಷ್ ಆಳುಗಳು. ಹದಿನೇಳನೆಯ ಶತಮಾನದ ಕೊನೆಗೆ ಅವರ ಬದಲು ಆಫ್ರಿಕನ್ನರನ್ನು ಆಜೀವ ಗುಲಾಮರನ್ನಾಗಿಸಿದ್ದು ಜಮೀನುದಾರರ ಲಾಭ ಮತ್ತು ಅವರೇ ಬರೆದ ಕಾನೂನು. ದಕ್ಷಿಣ ಕೆರೊಲಿನಾದ ಜೌಗುನೆಲದಲ್ಲಿ ಮಲೇರಿಯಾದ ವಿರುದ್ಧ ಬಹುಪಾಲು ಪಶ್ಚಿಮ ಆಫ್ರಿಕನ್ನರಿಗೆ ಸ್ವಲ್ಪಮಟ್ಟಿನ ಆನುವಂಶಿಕ ರಕ್ಷಣೆಯಿದ್ದುದು ನಿಜ, ಅದನ್ನು ಬರೆಯಿರಿ. ಅವರಲ್ಲಿ ಅನೇಕರು ತಮ್ಮ ನಾಡಿನಲ್ಲೇ ಭತ್ತ ಬೆಳೆದವರಾಗಿದ್ದರೆಂಬುದನ್ನೂ ಬರೆಯಿರಿ. ಆದರೆ ಮನುಷ್ಯರ ತೀರ್ಮಾನವನ್ನು ಹವೆಯ ಖಾತೆಗೆ ಜಮಾ ಮಾಡಬೇಡಿ.

ನ್ಯೂ ಇಂಗ್ಲೆಂಡಿನ, ಅಂದರೆ ಉತ್ತರದ ವಸಾಹತುಗಳ, ಭಾಗವನ್ನು ಅರ್ಧಕ್ಕಿಳಿಸಬಹುದು. ಅಲ್ಲಿ ಗೋಧಿ ಸೋತದ್ದು ಚಳಿಯಿಂದಷ್ಟೇ ಅಲ್ಲ, 1660ರ ದಶಕದಲ್ಲಿ ಹರಡಿದ ತುಕ್ಕುರೋಗದಿಂದಲೂ ಎಂಬುದನ್ನು ಸೇರಿಸಿ. ಆ ರೋಗಕ್ಕೆ ಆಶ್ರಯ ಕೊಡುವ ಬಾರ್ಬೆರಿ ಪೊದೆಗಳನ್ನು ಕೀಳಲು ಅಲ್ಲಿನ ಕನೆಕ್ಟಿಕಟ್ ವಸಾಹತು 1726ರಲ್ಲಿ ಕಾನೂನನ್ನೇ ಮಾಡಿತು. ಪೀಠಿಕೆಯನ್ನು ಪೂರ್ತಿ ಕೈಬಿಟ್ಟು, 1607ರ ಆ ಎರಡು ನೆಲೆಗಳಿಂದಲೇ ಆರಂಭಿಸಿ ಮತ್ತೆ ಕಳುಹಿಸಿದರೆ ಓದುತ್ತೇನೆ.

ಸಂಪಾದಕ